ಚದುರಂಗದ ರೇಟಿಂಗ್: ಅದರ ಸ್ವರೂಪವೂ ಪ್ರಾಮಾಣ್ಯವೂ

ಕ್ರಿ.ಶ. ೨೦೨೪ನೆಯ ಡಿಸೆಂಬರ್ ೧೨ನೆಯ ದಿವಸ ಸಿಂಗಪುರದಲ್ಲಿ ಹದಿನೆಂಟು ವರ್ಷದ ದೊಮ್ಮರಾಜು ಗುಕೇಶರು ಚೀನದೇಶದ ಡಿಂಗ್ ಲಿರೆನ್ ಅವರನ್ನು ಹದಿನಾಲ್ಕು ಆಟಗಳ ಪಂದ್ಯದಲ್ಲಿ ಏಳೂವರೆಗೆ ಆರೂವರೆಯಂತೆ ಸೋಲಿಸಿ ಚದುರಂಗದ ಜಗಜ್ಜೇತೃಪದವಿಯನ್ನು ಪಡೆದರು. ಇದಾದ ಮೇಲೆ ಪ್ರಕಟವಾದ ೨೦೨೫ರ ಜನವರಿಯ ಪಟ್ಟಿಯನ್ನು ನೋಡಿದವರಿಗೆ ಒಂದು ವಿಚಿತ್ರ ಕಂಡಿತು. ಗೆದ್ದ ಗುಕೇಶರ ರೇಟಿಂಗ್ ೨೭೮೩ರಿಂದ ೨೭೭೭ಕ್ಕೆ ಇಳಿದಿದ್ದಿತು; ಸೋತ ಡಿಂಗ್ ಅವರದು ೨೭೨೮ರಿಂದ ೨೭೩೪ಕ್ಕೆ ಏರಿದ್ದಿತು. ಕಿರೀಟ ಒಬ್ಬರಿಗೆ, ಅಂಕ ಮತ್ತೊಬ್ಬರಿಗೆ. ಗೆಲವು ಲಾಭಕ್ಕೆ ಕಾರಣ, ಸೋಲು ನಷ್ಟಕ್ಕೆ ಕಾರಣ ಎಂಬ ಲೋಕರೂಢಿಗೆ ಇದು ನೇರವಾಗಿ ವಿರೋಧ. ಆದರೆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಈ ಸಂಖ್ಯೆ ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಎಂಬುದನ್ನು ತಿಳಿದರೆ ಈ ವಿರೋಧವು ತಾನಾಗಿ ಪರಿಹಾರವಾಗುತ್ತದೆ.

ಆಟಗಾರರ ಬಲಾಬಲವನ್ನು ಸಂಖ್ಯೆಯಿಂದ ಸೂಚಿಸುವ ಪ್ರಯತ್ನಗಳು ಕಳೆದ ಶತಮಾನದ ನಡುಭಾಗದಲ್ಲಿ ಬಲಗೊಂಡವು. ಜರ್ಮನಿಯಲ್ಲಿ ೧೯೪೮ರಲ್ಲಿ ಆಂಟನ್ ಹೋಸ್ಲಿಂಗರ್ ಎಂಬವರು ಇಂಗೋಲ್‌ಷ್ಟಾಟ್ ಪಟ್ಟಣದ ಹೆಸರಿನಿಂದ 'ಇಂಗೋ' ಎಂಬ ಕ್ರಮವನ್ನು ಹೊರಡಿಸಿದರು. ಅದರಲ್ಲಿ ಸಂಖ್ಯೆ ಕಡಮೆಯಾದಷ್ಟೂ ಆಟಗಾರನು ಶ್ರೇಷ್ಠ. ಅಮೆರಿಕದ ಚೆಸ್ ಸಂಘವು ೧೯೫೦ರಲ್ಲಿ ಕೆನೆತ್ ಹಾರ್ಕ್‌ನೆಸ್ ಅವರ ಕ್ರಮವನ್ನು ಅಂಗೀಕರಿಸಿತು. ಅದು ಬಹಳ ಸುಲಭವಾದುದು: ಪಂದ್ಯಾವಳಿಯಲ್ಲಿ ಎದುರಾದವರ ರೇಟಿಂಗಿನ ಸರಾಸರಿಯನ್ನು ತೆಗೆದುಕೊಳ್ಳುವುದು, ಶೇಕಡ ೫೦ರಷ್ಟು ಫಲ ದೊರೆತಿದ್ದರೆ ಆ ಸರಾಸರಿಯೇ ಆತನ ಸಾಧನೆ, ಶೇಕಡ ಒಂದು ಹೆಚ್ಚಾದರೆ ಹತ್ತು ಅಂಕ ಕೂಡಿಸುವುದು, ಒಂದು ಕಡಮೆಯಾದರೆ ಹತ್ತು ಕಳೆಯುವುದು. ಇದರ ದೋಷವು ಅದರ ಸೌಲಭ್ಯದಲ್ಲಿಯೇ ಅಡಗಿದೆ. ತನಗಿಂತ ೬೦೦ ಅಂಕ ಮೇಲಿರುವವರೊಡನೆ ಆಡಿ ಒಂದು ಆಟವನ್ನೂ ಬಿಡದೆ ಸೋತವನ ಸಾಧನೆಯನ್ನು ಈ ಗಣಿತದ ಮೇರೆಗೆ ಎಣಿಸಿದರೆ ಅದು ಆತನ ಮೊದಲಿನ ರೇಟಿಂಗಿಗಿಂತ ನೂರು ಅಂಕ ಹೆಚ್ಚಾಗುತ್ತದೆ. ಸೋಲುವುದಕ್ಕೇ ಹೋಗಿ ಸೋತುಬಂದವನಿಗೆ ಸಂಭಾವನೆ ಕೊಟ್ಟಂತೆ ಇದು!

ಈ ಕ್ರಮವನ್ನು ಶಾಸ್ತ್ರೀಯವಾಗಿ ತಿದ್ದಿದವರು ಆರ್ಪಾಡ್ ಎಲೋ (೧೯೦೩–೧೯೯೨). ಹಂಗೆರಿಯಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಇವರು ಮಿಲ್ವಾಕಿ ನಗರದ ಮಾರ್ಕ್ವೆಟ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ವಿಸ್ಕಾನ್ಸಿನ್ ಸಂಸ್ಥಾನದ ಚದುರಂಗದ ಪ್ರಶಸ್ತಿಯನ್ನು ಅನೇಕ ಬಾರಿ ಗೆದ್ದವರು. ಇವರ ಕ್ರಮವನ್ನು ಅಮೆರಿಕದ ಸಂಘವು ೧೯೬೦ರಲ್ಲಿಯೂ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯು ೧೯೭೦ರಲ್ಲಿಯೂ ಸ್ವೀಕರಿಸಿದವು. ತಮ್ಮ ಮತವನ್ನು ಅವರು ೧೯೭೮ರಲ್ಲಿ ಪುಸ್ತಕರೂಪದಲ್ಲಿ ವಿಸ್ತರಿಸಿದರು. ಇಂದು ಪತ್ರಿಕೆಗಳಲ್ಲಿ ಕಾಣುವ 'ಎಲೋ ರೇಟಿಂಗ್' ಎಂಬ ಮಾತಿನ ಮೊದಲ ಪದವು ಒಂದು ಮನೆತನದ ಹೆಸರೇ ಹೊರತು ಕೆಲವರು ಭಾವಿಸುವಂತೆ ಯಾವುದೋ ಪದಗುಚ್ಛದ ಸಂಕ್ಷೇಪವಲ್ಲ.

ಎಲೋ ಅವರ ವಿಚಾರಸರಣಿ ಹೀಗಿದೆ. ಆಟಗಾರನ ಸಾಮರ್ಥ್ಯವು ಪ್ರತ್ಯಕ್ಷಗೋಚರವಲ್ಲ. ಕಾಣುವುದು ಆಟದ ಫಲವೊಂದೇ; ಅದು ಗೆಲವು, ಸೋಲು, ಡ್ರಾ ಎಂದು ಮೂರು ಬಗೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಫಲದಿಂದ ಸಾಮರ್ಥ್ಯವನ್ನು ಊಹಿಸಬೇಕು. ಆದರೆ ಹೊಗೆಗೂ ಬೆಂಕಿಗೂ ಇರುವ ನಿಯತವಾದ ವ್ಯಾಪ್ತಿ ಇಲ್ಲಿಲ್ಲ. ಬಲಿಷ್ಠನೂ ಒಂದು ದಿನ ಸೋಲುತ್ತಾನೆ. ದುರ್ಬಲನೂ ಒಂದು ದಿನ ಗೆಲ್ಲುತ್ತಾನೆ. ಆದುದರಿಂದ ಒಂದೊಂದು ಆಟವನ್ನೂ ಹೇತುವೆಂದು ಹಿಡಿಯದೆ ಹಲವು ಆಟಗಳ ಸಮುದಾಯವನ್ನು ಹಿಡಿಯತಕ್ಕದ್ದು. ಪ್ರತಿಯೊಬ್ಬನ ಆಟವೂ ಅವನ ಮಧ್ಯಮಸ್ಥಾನದ ಇಕ್ಕೆಲಗಳಲ್ಲಿ ತೂಗಾಡುತ್ತಿರುತ್ತದೆ. ಮೂರರಲ್ಲಿ ಎರಡು ಪಾಲಿನಷ್ಟು ಸಂದರ್ಭಗಳಲ್ಲಿ ಆ ತೂಗಾಟವು ೨೦೦ ಅಂಕಗಳ ಒಳಗಿರುತ್ತದೆಂದು ಎಲೋ ಅವರು ಕಲ್ಪಿಸಿದರು. ಅಳತೆಯ ಈ ಮಾನ ಕಲ್ಪಿತವಾದುದೇ. ಗಜಕ್ಕೆ ಮೂರು ಅಡಿ ಎಂದು ಕಲ್ಪಿಸಿದಂತೆ. ತಮ್ಮ ಕೆಲಸದ ಮಿತಿಯನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಕಲಕಿದ ನೀರಿನ ಮೇಲೆ ಏಳುತ್ತ ಬೀಳುತ್ತ ಇರುವ ಬಿರಡೆಯ ಸ್ಥಾನವನ್ನು, ಗಾಳಿಗೆ ತೂಗುವ ಹಗ್ಗಕ್ಕೆ ಕಟ್ಟಿದ ಅಳತೆಗೋಲಿನಿಂದ ಅಳೆಯುವ ಕೆಲಸಕ್ಕೆ ಅವರೇ ಇದನ್ನು ೧೯೬೨ರಲ್ಲಿ ಹೋಲಿಸಿದ್ದರು. ಶಾಸ್ತ್ರಕಾರನು ತನ್ನ ಶಾಸ್ತ್ರದ ವಿಷಯದಲ್ಲಿ ಇಷ್ಟು ನಿರ್ಮಮವಾಗಿ ಮಾತನಾಡುವುದು ಅಪರೂಪ. ಅನುಯಾಯಿಗಳಲ್ಲಿ ಆ ವಿನಯ ಉಳಿಯಲಿಲ್ಲ.

ಲೆಕ್ಕದ ಕ್ರಮವನ್ನು ಈಗ ನೋಡಬಹುದು. ಗೆಲವಿಗೆ ಒಂದು, ಡ್ರಾ ಆದರೆ ಅರ್ಧ, ಸೋಲಿಗೆ ಸೊನ್ನೆ. ಇಬ್ಬರ ರೇಟಿಂಗಿನ ಅಂತರವನ್ನು ನೋಡಿ, ಒಂದು ಆಟದಲ್ಲಿ ಒಬ್ಬನಿಗೆ ಸರಾಸರಿಯಾಗಿ ಎಷ್ಟು ದೊರೆಯಬೇಕೆಂಬುದನ್ನು ಕೋಷ್ಟಕದಿಂದ ತೆಗೆಯುತ್ತಾರೆ. ಇದನ್ನು ನಿರೀಕ್ಷಿತ ಫಲವೆಂದು ಕರೆಯಬಹುದು. ಅಂತರವಿಲ್ಲದಿದ್ದರೆ ಅದು ೦.೫೦. ಅಂತರವು ೧೦೦ ಆದರೆ ಮೇಲಿನವನಿಗೆ ೦.೬೪, ೨೦೦ ಆದರೆ ೦.೭೬, ೪೦೦ ಆದರೆ ೦.೯೨. ಆಟ ಮುಗಿದ ಮೇಲೆ ಲಬ್ಧಫಲದಿಂದ ನಿರೀಕ್ಷಿತ ಫಲವನ್ನು ಕಳೆದು, ಉಳಿದುದನ್ನು ಒಂದು ಗುಣಕದಿಂದ ಗುಣಿಸಿ ಹಳೆಯ ರೇಟಿಂಗಿಗೆ ಸೇರಿಸುತ್ತಾರೆ. ಶೇಷವು ಋಣವಾದರೆ ರೇಟಿಂಗ್ ಇಳಿಯುತ್ತದೆ. ಫಿಡೆಯ ನಿಯಮದಂತೆ ಈ ಗುಣಕವು ಹೊಸಬರಿಗೆ ಮೊದಲ ೩೦ ಆಟಗಳವರೆಗೂ, ಹದಿನೆಂಟರೊಳಗಿನ ವಯಸ್ಸಿನವರಿಗೆ ರೇಟಿಂಗ್ ೨೩೦೦ ಮುಟ್ಟುವವರೆಗೂ ೪೦, ಉಳಿದವರಿಗೆ ೨೦, ಒಮ್ಮೆ ೨೪೦೦ ಮುಟ್ಟಿದವರಿಗೆ ೧೦.

ಒಂದು ಉದಾಹರಣೆ. ೨೪೦೦ರ ಆಟಗಾರನೊಬ್ಬ ೨೨೦೦ರವನೊಡನೆ ಆಡುತ್ತಾನೆ ಎಂದಿಟ್ಟುಕೊಳ್ಳಬಹುದು. ಗುಣಕವು ೧೦ ಆದುದರಿಂದ ಮೇಲಿನವನು ಗೆದ್ದರೆ ಅವನಿಗೆ ಬರುವುದು ೨.೪ ಅಂಕ ಮಾತ್ರ. ಡ್ರಾ ಆದರೆ ೨.೬ ಹೋಗುತ್ತದೆ, ಸೋತರೆ ೭.೬ ಹೋಗುತ್ತದೆ. ಹೆಚ್ಚು ನಿರೀಕ್ಷೆಯನ್ನು ಹೊತ್ತವನಿಗೆ ಗೆಲವು ಹೆಚ್ಚೇನನ್ನೂ ತರುವುದಿಲ್ಲ. ಸಿಂಗಪುರದ ಪಂದ್ಯಕ್ಕೂ ಇದೇ ನ್ಯಾಯ. ಗುಕೇಶರಿಗೂ ಡಿಂಗ್ ಅವರಿಗೂ ಅಂತರ ೫೫. ಆ ಅಂತರಕ್ಕೆ ನಿರೀಕ್ಷಿತ ಫಲ ೦.೫೮, ಹದಿನಾಲ್ಕು ಆಟಗಳಿಗೆ ೮.೧೨. ಲಬ್ಧವಾದುದು ೭.೫. ಕೊರತೆ ೦.೬೨, ಅದನ್ನು ೧೦ರಿಂದ ಗುಣಿಸಿದರೆ ೬.೨. ಆ ಆರು ಅಂಕಗಳೇ ಒಂದು ಕಡೆಯಿಂದ ಹೊರಟು ಮತ್ತೊಂದು ಕಡೆಗೆ ಸೇರಿದವು. ಪಂದ್ಯವು ಯಾರು ಗೆದ್ದರೆಂದು ಕೇಳಿತು. ರೇಟಿಂಗು ನಿರೀಕ್ಷಿಸಿದಷ್ಟು ದೊರೆಯಿತೇ ಎಂದು ಕೇಳಿತು. ಎರಡು ಪ್ರಶ್ನೆಗಳು ಬೇರೆಯಾದುದರಿಂದ ಎರಡು ಉತ್ತರಗಳೂ ಬೇರೆಯಾದವು.

ಇಲ್ಲಿ ತರ್ಕಜ್ಞರು ಒಂದು ಪೂರ್ವಪಕ್ಷವನ್ನು ಎತ್ತಬಹುದು. ಒಬ್ಬನ ಬಲವನ್ನು ತಿಳಿಯಲು ಎದುರಾಳಿಯ ಬಲವನ್ನು ತಿಳಿದಿರಬೇಕು. ಎದುರಾಳಿಯ ಬಲವನ್ನು ತಿಳಿಯಲು ಮೊದಲಿನವನ ಬಲವನ್ನು ತಿಳಿದಿರಬೇಕು. ಇದು ಅನ್ಯೋನ್ಯಾಶ್ರಯವೆಂಬ ದೋಷವಲ್ಲವೆ? ಆಕ್ಷೇಪವು ಗಂಭೀರವಾದುದೇ. ಆದರೆ ಎಲೋ ಅವರಿಗಿಂತ ಮೂವತ್ತು ವರ್ಷ ಹಿಂದೆಯೇ, ೧೯೨೯ರಲ್ಲಿ, ಜರ್ಮನಿಯ ಗಣಿತಜ್ಞರಾದ ಎರ್ನ್‌ಸ್ಟ್ ಜೆರ್ಮೆಲೋ ಅವರು ಇದಕ್ಕೆ ಸಮಾಧಾನವನ್ನು ಕೊಟ್ಟಿದ್ದರು. ಒಂದು ಪಂದ್ಯಾವಳಿಯ ಎಲ್ಲಾ ಆಟಗಾರರ ಬಲಗಳನ್ನೂ ಅಜ್ಞಾತರಾಶಿಗಳೆಂದು ಭಾವಿಸಿ, ದೊರೆತ ಫಲಗಳು ಅತ್ಯಂತ ಸಂಭಾವ್ಯವಾಗುವಂತೆ ಆ ರಾಶಿಗಳನ್ನೆಲ್ಲ ಏಕಕಾಲದಲ್ಲಿ ಬಿಡಿಸಬಹುದೆಂದು ಅವರು ತೋರಿಸಿದರು. ಒಂದಾದ ಮೇಲೊಂದರಂತೆ ತಿಳಿಯಹೊರಟರೆ ಅನ್ಯೋನ್ಯಾಶ್ರಯ. ಒಟ್ಟಿಗೆ ತಿಳಿಯಹೊರಟರೆ ಸಮೀಕರಣ. ಎಲೋ ಕ್ರಮವು ಇದನ್ನೇ ಸ್ವಲ್ಪಸ್ವಲ್ಪವಾಗಿ, ಆಟದಿಂದಾಟಕ್ಕೆ ತಿದ್ದಿಕೊಳ್ಳುತ್ತ ಮಾಡುತ್ತದೆ. ಮೊದಲು ಕೊಟ್ಟ ಸಂಖ್ಯೆ ತಪ್ಪಾಗಿದ್ದರೂ ಆಟಗಳು ಹೆಚ್ಚಿದಂತೆಲ್ಲ ತಪ್ಪು ಸವೆಯುತ್ತದೆ.

ದೋಷವು ಪರಿಹಾರವಾಯಿತು, ಆದರೆ ಪರಿಹಾರಕ್ಕೆ ಬೆಲೆ ತೆರಬೇಕಾಯಿತು. ಹೀಗೆ ಲಭಿಸುವುದು ಅಂತರ ಮಾತ್ರ. ಲೋಕದ ಸಮಸ್ತ ಆಟಗಾರರಿಗೂ ಇಂದು ರಾತ್ರಿ ಐನೂರು ಅಂಕಗಳನ್ನು ಸೇರಿಸಿಬಿಟ್ಟರೆ ನಾಳೆಯ ಯಾವ ನಿರೀಕ್ಷಿತ ಫಲವೂ ಕೂದಲೆಳೆಯಷ್ಟು ಬದಲಾಗುವುದಿಲ್ಲ. ೨೭೦೦ ಎಂಬುದು ಒಬ್ಬನಲ್ಲಿ ಇರುವ ಗುಣವಲ್ಲ. ಒಂದು ಮಂಡಲದಲ್ಲಿ ಅವನಿಗೂ ಉಳಿದವರಿಗೂ ಇರುವ ಸಂಬಂಧ. ಎತ್ತರ, ತೂಕಗಳಂತೆ ಅದನ್ನು ವ್ಯಕ್ತಿಯ ಮೈಮೇಲೆ ಹೊರಿಸುವುದರಿಂದಲೇ ಮುಂದಿನ ಗೊಂದಲಗಳೆಲ್ಲ ಹುಟ್ಟಿವೆ.

ಮಂಡಲವು ಮುಚ್ಚಿಕೊಂಡರೆ ಏನಾಗುವುದೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ವರ್ಜೀನಿಯ ಸಂಸ್ಥಾನದ ಸೆರೆಮನೆಯಲ್ಲಿ ಕ್ಲಾಡ್ ಬ್ಲಡ್‌ಗುಡ್ ಎಂಬ ಬಂದಿಯಿದ್ದನು. ಆತನು ಸಹಬಂದಿಗಳೊಡನೆ ವರ್ಷಗಟ್ಟಲೆ ಸಾವಿರಾರು ಆಟಗಳನ್ನಾಡಿ ಗೆಲ್ಲುತ್ತ ಬಂದನು. ಹೊರಗಿನವರೊಡನೆ ಆಟವಿಲ್ಲ, ಹೊಸ ಬಂದಿಗಳು ಬಂದಂತೆ ಹೊಸ ಅಂಕಗಳು ಒಳಕ್ಕೆ ಬರುತ್ತಿದ್ದವು, ಅವು ಕ್ರಮೇಣ ಒಬ್ಬನಲ್ಲಿ ಶೇಖರವಾದವು. ೧೯೯೬ರ ಹೊತ್ತಿಗೆ ಆತನ ರೇಟಿಂಗು ೨೭೦೨ಕ್ಕೆ ಏರಿ, ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನವು ಕಂಬಿಯ ಹಿಂದಿದ್ದವನಿಗೆ ದೊರೆಯಿತು. ಇದನ್ನು ಆತನು ಬೇಕೆಂದು ಮಾಡಿದನೆ ಎಂಬ ಚರ್ಚೆಯುಂಟು. ಪ್ರಕೃತಕ್ಕೆ ಅದು ಬೇಡ. ಅಂಕಗಣಿತವು ಸರಿಯಾಗಿಯೇ ನಡೆದಿತ್ತು. ಆ ಸಂಖ್ಯೆ ಆ ಗೋಡೆಗಳ ಒಳಗೆ ನಿಜವೂ ಹೊರಗೆ ಅರ್ಥಶೂನ್ಯವೂ ಆಗಿತ್ತು. ಇಂದು ಇಂಟರ್‌ನೆಟ್ಟಿನಲ್ಲಿ ಆಡುವವರು ಲಿಚೆಸ್, ಚೆಸ್.ಕಾಮ್ ಮೊದಲಾದ ತಾಣಗಳ ತಮ್ಮ ಅಂಕವನ್ನು ಫಿಡೆಯ ಅಂಕದೊಡನೆ ಹೋಲಿಸುವುದೂ ಇಂಥದೇ ಭ್ರಾಂತಿ. ಮಂಡಲ ಬೇರೆ, ಆರಂಭಸಂಖ್ಯೆ ಬೇರೆ, ಲೆಕ್ಕದ ಕ್ರಮವೂ ಬೇರೆ.

ಗೋಡೆಯಿಲ್ಲದೆಯೂ ಮಂಡಲವು ಮುಚ್ಚಬಹುದು. ಸ್ತ್ರೀಯರು ಬಹುಮಟ್ಟಿಗೆ ತಮ್ಮತಮ್ಮೊಳಗೇ ಆಡುತ್ತಿದ್ದ ಕಾಲದಲ್ಲಿ, ಅವರ ಅಂಕಗಳು ಪುರುಷರ ಅಂಕಗಳಿಗೆ ಹೋಲಿಸಿದರೆ ಇರಬೇಕಾದುದಕ್ಕಿಂತ ಕೆಳಗಿವೆಯೆಂದು ಫಿಡೆ ತೀರ್ಮಾನಿಸಿತು. ೧೯೮೭ರ ಜನವರಿಯ ಪಟ್ಟಿಯಲ್ಲಿ ಸ್ತ್ರೀಯರೆಲ್ಲರಿಗೂ ನೂರು ನೂರು ಅಂಕಗಳನ್ನು ಕೂಡಿಸಿತು. ಒಬ್ಬರನ್ನು ಮಾತ್ರ ಬಿಟ್ಟಿತು. ಅವರು ಹಂಗೆರಿಯ ಹದಿನೇಳು ವರ್ಷದ ಸೂಸನ್ ಪೋಲ್ಗಾರ್. ಪುರುಷರೊಡನೆಯೇ ಹೆಚ್ಚಾಗಿ ಆಡಿದವರಾದುದರಿಂದ ಅವರ ಅಂಕ ಆಗಲೇ ಸರಿಯಾಗಿದೆ ಎಂಬುದು ಕೊಟ್ಟ ಕಾರಣ. ಪಟ್ಟಿಯ ಅಗ್ರಸ್ಥಾನವು ಆ ಬಾಲಿಕೆಯ ಕೈತಪ್ಪಿತು. ಆ ತರ್ಕದಲ್ಲಿ ಬಲವಿಲ್ಲವೆನ್ನಲಾಗದು. ಎರಡು ಮಂಡಲಗಳ ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಬರೆದಾಗ ಇಂಥ ಹೊಂದಾಣಿಕೆ ಬೇಕಾಗುತ್ತದೆ. ಆದರೆ ಸಾಮಾನ್ಯನಿಯಮವನ್ನು ವರ್ಗಕ್ಕೆಲ್ಲ ಕೊಟ್ಟು ಅಪವಾದವನ್ನು ಒಬ್ಬಾಕೆಗೆ ಮಾತ್ರ ಮೀಸಲಿಟ್ಟ ವಿಧಿಯು ವಿಧಿಯೆನ್ನಿಸಿಕೊಳ್ಳುವುದು ಕಷ್ಟ.

ಕಾಲಭೇದದಲ್ಲಿಯೂ ಇದೇ ಕಷ್ಟ. ಫಿಡೆಯ ಮೊದಲ ಅಧಿಕೃತ ಪಟ್ಟಿ ೧೯೭೧ರಲ್ಲಿ ಬಂದಾಗ ಬಾಬಿ ಫಿಷರ್ ಅವರದು ೨೭೬೦, ಮರುವರ್ಷ ೨೭೮೫. ಗ್ಯಾರಿ ಕಾಸ್ಪರೋವ್ ೧೯೯೯ರಲ್ಲಿ ೨೮೫೧ನ್ನೂ, ಮ್ಯಾಗ್ನಸ್ ಕಾರ್ಲ್‌ಸನ್ ೨೦೧೪ರ ಮೇ ತಿಂಗಳಿನಲ್ಲಿ ೨೮೮೨ನ್ನೂ ಮುಟ್ಟಿದರು. ಇದರಿಂದ ಕಾರ್ಲ್‌ಸನ್ನರು ಫಿಷರರಿಗಿಂತ ೯೭ ಅಂಕಗಳಷ್ಟು ಶ್ರೇಷ್ಠರೆಂದು ಹೇಳುವುದು ಸಂಖ್ಯೆಯ ಅರ್ಥವನ್ನು ಮೀರಿದ ಮಾತು. ಇಬ್ಬರೂ ತಮ್ಮತಮ್ಮ ಸಮಕಾಲೀನರಿಂದ ಎಷ್ಟು ದೂರವಿದ್ದರು ಎಂಬುದನ್ನಷ್ಟೇ ಅದು ಹೇಳಬಲ್ಲದು. ಪಂಪನನ್ನೂ ಕುಮಾರವ್ಯಾಸನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರಿಗೆ ಸಂಖ್ಯೆಯ ಆಸರೆಯಾದರೂ ಇಲ್ಲ. ಇವರಿಗೆ ಸಂಖ್ಯೆಯಿದ್ದೂ ತಕ್ಕಡಿಯಿಲ್ಲ.

ಹಾಗಾದರೆ ಒಂದೇ ಮಂಡಲದೊಳಗಾದರೂ ಸಂಖ್ಯೆ ಸ್ಥಿರವೆ? ಅದೂ ಅಲ್ಲ. ಇಬ್ಬರ ಗುಣಕವೂ ಒಂದೇ ಆದಾಗ ಒಬ್ಬನು ಕಳೆದುಕೊಂಡಷ್ಟನ್ನೇ ಮತ್ತೊಬ್ಬನು ಪಡೆಯುತ್ತಾನೆ. ಹೀಗಿರಲು ಹೊಸಬಾಲಕನೊಬ್ಬ ಸಣ್ಣ ಸಂಖ್ಯೆಯಿಂದ ಆರಂಭಿಸಿ, ಕಲಿತು ಬೆಳೆದು, ಹಿರಿಯರನ್ನು ಸೋಲಿಸುತ್ತ ಮೇಲೇರಿದರೆ ಅವನು ಪಡೆದ ಅಂಕಗಳೆಲ್ಲ ಹಿರಿಯರ ಗಂಟಿನಿಂದ ಹೋದವು. ಹಿರಿಯರ ಆಟವೇನೂ ಕೆಡಲಿಲ್ಲ. ಆದರೂ ಅವರ ಸಂಖ್ಯೆ ಇಳಿಯಿತು. ಬಾಲಕರಿಗೆ ೪೦ರ ಗುಣಕವನ್ನಿಟ್ಟಿರುವುದರ ಉದ್ದೇಶವೇ ಅವರು ಪಡೆಯುವುದರಲ್ಲಿ ಒಂದು ಭಾಗ ಹಿರಿಯರ ಗಂಟಿನಿಂದ ಬರದೆ ಹೊಸದಾಗಿ ಹುಟ್ಟಲಿ ಎಂಬುದು. ಅದು ಸಾಲದೆ ಹೋಯಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ಪಂದ್ಯಾವಳಿಗಳು ನಿಂತು, ಮಕ್ಕಳು ಮನೆಯಲ್ಲಿ ಕುಳಿತೇ ಕಲಿತರು. ಕಲಿಕೆ ಬೆಳೆಯಿತು, ಸಂಖ್ಯೆ ನಿಂತಲ್ಲಿಯೇ ನಿಂತಿತು. ಆಮೇಲೆ ಎದುರಾದವರು ೧೨೦೦ರ ಹುಡುಗನೆಂದು ಕುಳಿತು ೧೬೦೦ರವನಿಂದ ಸೋತು ಎದ್ದರು. ಸಂಖ್ಯಾಶಾಸ್ತ್ರಜ್ಞರಾದ ಜೆಫ್ ಸೋನಾಸ್ ಅವರು ಈ ವಿಕಾರವನ್ನು ಪರಿಶೀಲಿಸಿ ೨೦೨೩ರಲ್ಲಿ ಸಲಹೆಗಳನ್ನು ಕೊಟ್ಟರು. ೨೦೨೪ರ ಮಾರ್ಚಿಯಲ್ಲಿ ಫಿಡೆಯು ೨೦೦೦ಕ್ಕಿಂತ ಕೆಳಗಿದ್ದವರೆಲ್ಲರಿಗೂ, ೨೦೦೦ಕ್ಕೆ ಎಷ್ಟು ಕಡಮೆಯೋ ಅದರ ಹತ್ತರಲ್ಲಿ ನಾಲ್ಕು ಪಾಲನ್ನು ಕೂಡಿಸಿತು. ೧೦೦೦ ಇದ್ದುದು ೧೪೦೦ ಆಯಿತು. ೧೫೦೦ ಇದ್ದುದು ೧೭೦೦ ಆಯಿತು. ೧೮೦೦ ಇದ್ದುದು ೧೮೮೦ ಆಯಿತು. ಒಂದು ಆಟವನ್ನೂ ಆಡದೆ ಒಂದೇ ರಾತ್ರಿಯಲ್ಲಿ ಅಸಂಖ್ಯಾತರ 'ಸಾಮರ್ಥ್ಯ' ಹೆಚ್ಚಿತು! ಸಂಖ್ಯೆಯನ್ನು ಗುಣವೆಂದು ತಿಳಿದವರಿಗೆ ಇದು ನಗೆಪಾಟಲು. ಸಂಬಂಧವೆಂದು ತಿಳಿದವರಿಗೆ ಇದು ಅಳತೆಗೋಲಿನ ರಿಪೇರಿ.

ಇವೆಲ್ಲ ಗಣಿತದ ವಿನೋದವಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಆದರೆ ಈ ಸಂಖ್ಯೆಯ ಮೇಲೆ ಪದವಿಗಳು ನಿಂತಿವೆ. ಗ್ರ್ಯಾಂಡ್‌ಮಾಸ್ಟರ್ ಬಿರುದಿಗೆ ಪಂದ್ಯಾವಳಿಗಳಲ್ಲಿ ಗಳಿಸಬೇಕಾದ ನಾರ್ಮ್‌ಗಳಲ್ಲದೆ ರೇಟಿಂಗು ಒಮ್ಮೆಯಾದರೂ ೨೫೦೦ನ್ನು ಮುಟ್ಟಿರಬೇಕು. ನಾರ್ಮಿನ ಲೆಕ್ಕವೂ ಎದುರಾಳಿಗಳ ರೇಟಿಂಗನ್ನೇ ಆಶ್ರಯಿಸಿದೆ. ಮೈಸೂರಿನ ಎಂ. ಎಸ್. ತೇಜಕುಮಾರರು ೨೦೧೭ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರಾದುದು ಈ ೨೫೦೦ರ ಹೊಸ್ತಿಲನ್ನು ದಾಟಿಯೇ. ೨೪೯೯ಕ್ಕೂ ೨೫೦೦ಕ್ಕೂ ಆಟದಲ್ಲಿ ಭೇದವಿಲ್ಲ. ಎಲೋ ಅವರ ಬಿರಡೆಯಾದರೋ ನೂರಾರು ಅಂಕಗಳಷ್ಟು ತೇಲಾಡತಕ್ಕದ್ದು. ಆದರೂ ಒಂದು ಅಂಕದ ಈಚೆ ಬಿರುದಿಲ್ಲ, ಆಚೆ ಬಿರುದುಂಟು.

ಇನ್ನೊಂದು ದೌರ್ಬಲ್ಯವನ್ನು ಎಲೋ ಕ್ರಮವು ತನ್ನೊಳಗೇ ಇಟ್ಟುಕೊಂಡಿದೆ. ಆಡದೆ ಕುಳಿತವನ ಸಂಖ್ಯೆ ಇಳಿಯುವುದಿಲ್ಲ. ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೯೫ರಲ್ಲಿ ರಚಿಸಿದ 'ಗ್ಲಿಕೋ' ಎಂಬ ಕ್ರಮದಲ್ಲಿ ಇದಕ್ಕೆ ಉಪಾಯವಿದೆ. ಅಲ್ಲಿ ಪ್ರತಿಯೊಬ್ಬನಿಗೂ ಎರಡು ಸಂಖ್ಯೆಗಳು: ಒಂದು ಬಲವನ್ನು ಕುರಿತ ಊಹೆ, ಮತ್ತೊಂದು ಆ ಊಹೆಯ ಬಗೆಗಿನ ಸಂಶಯದ ಪ್ರಮಾಣ. ಆಟ ಹೆಚ್ಚಿದಂತೆ ಸಂಶಯ ಕುಗ್ಗುತ್ತದೆ. ಆಡದೆ ಕಾಲ ಕಳೆದಂತೆ ಹಿಗ್ಗುತ್ತದೆ. ಜ್ಞಾನದೊಡನೆ ಅದರ ದಾರ್ಢ್ಯವನ್ನೂ ಹೇಳುವ ಈ ಕ್ರಮವು ತತ್ತ್ವತಃ ಉತ್ತಮವೆಂದೇ ಹೇಳಬೇಕು. ಇಂಟರ್‌ನೆಟ್ಟಿನ ತಾಣಗಳು ಇದನ್ನು ಬಳಸುತ್ತವೆ. ಫಿಡೆ ಹಳೆಯದನ್ನೇ ಬಳಸುತ್ತಿದೆ. ಆಟಗಾರರು ಕಾಗದದ ಮೇಲೆ ತಾವೇ ಲೆಕ್ಕಮಾಡಿಕೊಳ್ಳಬಹುದೆಂಬುದು ಅದರ ದೊಡ್ಡ ಗುಣ.

ಸಂಖ್ಯೆಯೇ ಬಾಗಿಲು ತೆರೆದ ಪ್ರಸಂಗಕ್ಕೆ ಆರಂಭದಲ್ಲಿ ಹೇಳಿದ ಡಿಂಗ್ ಅವರೇ ನಿದರ್ಶನ. ಜಗಜ್ಜೇತನನ್ನು ಎದುರಿಸುವವನನ್ನು ಆರಿಸುವ ೨೦೨೨ರ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ, ರಷ್ಯದ ಸೆರ್ಗೆಯ್ ಕರ್ಯಾಕಿನ್ನರನ್ನು ಫಿಡೆ ಆರು ತಿಂಗಳು ನಿಷೇಧಿಸಿದ ಕಾರಣ ಒಂದು ಸ್ಥಾನ ತೆರವಾಯಿತು. ಅದು ರೇಟಿಂಗಿನ ಮೇಲೆ ಸಲ್ಲತಕ್ಕದ್ದು; ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ೩೦ ಆಟಗಳನ್ನಾದರೂ ಆಡಿರಬೇಕು. ಡಿಂಗ್ ಅವರ ಅಂಕ ದೊಡ್ಡದಾಗಿತ್ತು, ಆಡಿದ ಆಟಗಳು ಮಾತ್ರ ನಾಲ್ಕು. ಚೀನದ ಸಂಘವು ಅವರಿಗಾಗಿಯೇ ಅವಸರವಾಗಿ ಪಂದ್ಯಗಳನ್ನು ಏರ್ಪಡಿಸಿತು. ಸುಮಾರು ಒಂದು ತಿಂಗಳಲ್ಲಿ ೨೮ ಆಟಗಳನ್ನಾಡಿ ಅವರು ೨೮೦೬ನ್ನು ಮುಟ್ಟಿದರು. ಮ್ಯಾಡ್ರಿಡ್ಡಿನಲ್ಲಿ ಅವರಿಗೆ ದೊರೆತುದು ಎರಡನೆಯ ಸ್ಥಾನ. ಕಾರ್ಲ್‌ಸನ್ನರು ಪದವಿಯನ್ನು ಉಳಿಸಿಕೊಳ್ಳಲು ಆಡುವುದಿಲ್ಲವೆಂದು ಬಿಟ್ಟುಕೊಟ್ಟುದರಿಂದ ೨೦೨೩ರಲ್ಲಿ ಅಸ್ತಾನಾದಲ್ಲಿ ಇಯಾನ್ ನೆಪೋಮ್ನಿಯಾಚಿಯವರೊಡನೆ ಆಡಿ ಡಿಂಗ್ ಅವರೇ ಜಗಜ್ಜೇತರಾದರು.

ಆ ಬಾಗಿಲಿನ ನಿಯಮವು ಆಮೇಲೆಯೂ ಮಾರ್ಪಟ್ಟಿತು. ೨೦೨೬ರ ಕ್ಯಾಂಡಿಡೇಟ್ಸ್‌ಗಾಗಿ ಒಂದು ತಿಂಗಳ ಅಂಕಕ್ಕೆ ಬದಲಾಗಿ ಆರು ತಿಂಗಳ ಸರಾಸರಿಯನ್ನು ಹಿಡಿದು, ೪೦ ಆಟಗಳನ್ನು ವಿಧಿಸಿದರು. ಅಮೆರಿಕದ ಹಿಕಾರು ನಕಾಮುರಾ ಅವರು ಬೇಕಾದ ಆಟಗಳ ಸಂಖ್ಯೆಯನ್ನು ತುಂಬಿಸುವುದಕ್ಕಾಗಿ ೨೦೨೫ರಲ್ಲಿ ಸಂಸ್ಥಾನಮಟ್ಟದ ಸಣ್ಣ ಪಂದ್ಯಾವಳಿಗಳಿಗೆ ಹೋಗಿ, ತಮಗಿಂತ ನಾನೂರು ಅಂಕಕ್ಕೂ ಮಿಕ್ಕು ಕೆಳಗಿದ್ದವರೊಡನೆ ಆಡಿದರು. ೪೦೦ಕ್ಕಿಂತ ಹೆಚ್ಚಿನ ಅಂತರವನ್ನೂ ೪೦೦ ಎಂದೇ ಎಣಿಸಬೇಕೆಂಬ ಹಳೆಯ ನಿಯಮವೊಂದಿದ್ದಿತು. ಅದರ ಮೇರೆಗೆ ಇಂಥ ಒಂದೊಂದು ಗೆಲವಿಗೂ ೦.೮ ಅಂಕ ನಿಶ್ಚಿತ. ನಿಯಮವನ್ನು ಅವರು ಮುರಿಯಲಿಲ್ಲ. ಇದ್ದ ನಿಯಮದಂತೆಯೇ ನಡೆದರು. ೨೦೨೫ರ ಅಕ್ಟೋಬರ್ ೧ರಿಂದ, ೨೬೫೦ ಮತ್ತು ಅದಕ್ಕೂ ಮೇಲಿನವರಿಗೆ ಅಂತರವನ್ನು ಇದ್ದಷ್ಟೇ ಎಣಿಸತಕ್ಕದ್ದೆಂದು ಫಿಡೆ ವಿಧಿಸಿತು. ಸಾವಿರ ಅಂಕ ಕೆಳಗಿನವನನ್ನು ಗೆದ್ದರೆ ಅಂಥವರಿಗೆ ಈಗ ಬರುವುದು ಹೆಚ್ಚುಕಡಮೆ ಸೊನ್ನೆ.